ಅಡುಗೆಮನೆಯಿಂದ ಹೋದ ಸಂಕಲ್ಪ

ಗುಂಡು ಹೊಡೆಯುತ್ತಾರಂತೆ ಎಂಬ ಸುದ್ದಿ ಬಂದ ದಿನವೇ ಕೇರಿಗೆ ಮದುವೆಮನೆಯ ಕಳೆ ಬಂತು. ಮಾಂಸದುಂಡೆಯ ಸಾರು ಮಾರುವವನು ತನ್ನ ತಳ್ಳುಗಾಡಿಗೆ ಹೊಸ ಬಣ್ಣ ಬಳಿದ. ಬಂದರಿನ ದಾರಿಯಲ್ಲಿ ಮನೆ ಇದ್ದವರು ಟೀವಿಯವರಿಗೆ ಅಂಗಳವನ್ನು ಬಾಡಿಗೆಗೆ ಕೊಟ್ಟರು. ಅಂಗಳ ಇಲ್ಲದವರು ಜಗಲಿ ಕೊಟ್ಟರು. ಎರಡೂ ಇಲ್ಲದವರು ಅಭಿಪ್ರಾಯ ಕೊಟ್ಟರು.

ಚಿಲಾಚಾಪ್ ಬಂದರಿನಿಂದ ನೋಡಿದರೆ ಎದುರಿಗೇ ಜೈಲುಗಳ ದ್ವೀಪ. ಮರಣದಂಡನೆಯಾದವರನ್ನು ದೋಣಿಯಲ್ಲಿ ಅಲ್ಲಿಗೇ ಸಾಗಿಸುತ್ತಾರೆ. ಈ ಸಲ ಹೋದವರಲ್ಲಿ ಹೆಚ್ಚಿನವರು ಹೊರದೇಶದವರು, ಮಾದಕ ವಸ್ತು ಸಾಗಿಸುವಾಗ ಸಿಕ್ಕಿಬಿದ್ದವರು. ಕಾಫಿ ಅಂಗಡಿಯಲ್ಲಿ ಮೂರು ಹೊತ್ತೂ ಅದೇ ಮಾತು. ಲವಂಗದ ಸಿಗರೇಟನ್ನು ಒಂದರಿಂದ ಇನ್ನೊಂದಕ್ಕೆ ಹಚ್ಚಿಕೊಳ್ಳುತ್ತ, ಚಟ ಎಂಬುದು ಎಷ್ಟು ಕೆಟ್ಟದ್ದು ಎಂದು ಗಂಡಸರು ಮರುಗುತ್ತಿದ್ದರು. ಗುಂಡು ಎದೆಗೆ ಹೊಡೆಯಬೇಕೋ ತಲೆಗೋ ಎಂದು ವಾದ ನಡೆಯಿತು. ಮನೆಯಲ್ಲಿ ಜಿರಳೆ ಕಂಡರೆ ಹೆಂಡತಿಯನ್ನು ಕೂಗುವ ದರ್ಜಿ ಕೂಡ, ನನ್ನ ಕೈಗೆ ಬಂದೂಕು ಕೊಡಲಿ ನೋಡೋಣ ಎಂದ.

ರಸಿವೆನ್ ಅಭಿಪ್ರಾಯ ಕೊಡುವವಳಲ್ಲ. ಅವಳದು ಅನ್ನ ಬೇಯಿಸುವ ಕೆಲಸ. ಕೇರಿಯಲ್ಲಿ ಮಗು ಹುಟ್ಟಲಿ, ಮುದುಕ ಸಾಯಲಿ, ಯಾರಾದರೂ ಹೊಸ ದೋಣಿ ಕೊಳ್ಳಲಿ, ನೆರೆಯ ಗಂಡಸರನ್ನು ಕರೆದು ಚಾಪೆಯ ಮೇಲೆ ಕೂರಿಸಿ, ಪ್ರಾರ್ಥನೆ ಹೇಳಿಸಿ, ಊಟ ಕಟ್ಟಿಕೊಟ್ಟು ಕಳಿಸಬೇಕು. ಅದಕ್ಕೆ ಸ್ಲಮತಾನ್ ಎನ್ನುತ್ತಾರೆ. ದೊಡ್ಡ ಊಟವಾದರೆ ನಡುವೆ ಅರಿಶಿನದನ್ನದ ಗೋಪುರ ನಿಲ್ಲಬೇಕು. ಅದನ್ನು ಕುಸಿಯದಂತೆ ನಿಲ್ಲಿಸುವ ಕೈ ರಸಿವೆನ್‌ದು. ಮೂಟೆ ಅಕ್ಕಿ ತೊಳೆಯುವವಳು ಅವಳು. ಕಾಯಿ ತುರಿದು ಹಾಲು ಹಿಂಡುವವಳು ಅವಳು. ಬೆಳಗಿನಿಂದ ಒಲೆಯ ಮುಂದೆ ಕೂತು ಹೊಗೆ ಕುಡಿಯುವವಳೂ ಅವಳೇ. ಮುಂಗೈ ತುಂಬ ಹಬೆ ಸುಟ್ಟ ಕಲೆಗಳು. ಸೊಂಟ ನೆಟ್ಟಗೆ ಮಾಡಬೇಕಾದರೆ ಗೋಡೆ ಹಿಡಿಯಬೇಕು. ಇಷ್ಟೆಲ್ಲ ಆಗಿ ಅನ್ನ ಚಾಪೆಗೆ ಹೋಯಿತೆಂದರೆ ಅವಳು ಪರದೆಯ ಈಚೆ. ಚಾಪೆ ಗಂಡಸರದು. ಪ್ರಾರ್ಥನೆ ಗಂಡಸರದು. ಪಾತ್ರೆಯ ತಳದ ಸೀಕಲು ಹೆಂಗಸರದು.

ಅವಳಿಗೊಬ್ಬ ಮಗಳು, ತರ್ಮಿನಿ. ಮನೆಗೆಲಸಕ್ಕೆಂದು ಮಲೇಶಿಯಾಕ್ಕೆ ಹೋದವಳು ಊರಿಗೆ ಮರಳುವಾಗ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಳು. ಚೀಲದ ತಳದಲ್ಲಿ ಬಿಳಿ ಪುಡಿ ಇತ್ತು. ಅಲ್ಲಿ ಅದಕ್ಕೆ ನೇಣು. ಸುದ್ದಿ ಬಂದ ಹೊಸದರಲ್ಲಿ ಕೇರಿ ರಸಿವೆನ್‌ಳನ್ನು ನೀರು ಸೇದುವ ಜಾಗದಿಂದಲೂ ದೂರ ಇಟ್ಟಿತು. ಅವಳ ಕೈಯ ಅನ್ನ ಯಾರಿಗೂ ಬೇಡವಾಯಿತು. ಒಂದು ವರ್ಷ ಅವಳು ಮೀನು ಒಣಗಿಸುವ ಕಣದಲ್ಲಿ ಕೂಲಿ ಮಾಡಿದಳು. ಆಮೇಲೆ ಜಕಾರ್ತಾದ ಟೀವಿಯಲ್ಲಿ ಒಬ್ಬಳು ತರ್ಮಿನಿಯ ಫೋಟೋ ಹಿಡಿದುಕೊಂಡು, ಮೋಸಹೋದ ಈ ಅಮಾಯಕ ಹುಡುಗಿಗೆ ನೇಣೇ ಎಂದು ಅತ್ತಳು. ಅಳು ಕೆಲಸ ಮಾಡಿತು. ಮಾರನೆಯ ದಿನದಿಂದ ಕೇರಿಯವರೆಲ್ಲ ತರ್ಮಿನಿಗೆ ಚಿಕ್ಕಪ್ಪ, ಸೋದರತ್ತೆ ಆದರು. ಅವಳು ತೊಟ್ಟಿಲಲ್ಲಿದ್ದಾಗಲೇ ಎಷ್ಟು ಸಾಧು ಎಂದು ಎಲ್ಲರಿಗೂ ನೆನಪಾಯಿತು. ರಸಿವೆನ್‌ಗೆ ಒಲೆ ಮರಳಿ ಸಿಕ್ಕಿತು.

ಇದರ ಮುಂದಾಳು ಪಾಕ್ ಎರ್ತೆ. ಪಾಕ್ ಅಂದರೆ ಅಪ್ಪ, ಎರ್ತೆ ಅಂದರೆ ಕೇರಿಯ ಮುಖಂಡ. ಆ ಮನುಷ್ಯನಿಗೆ ಬೇರೆ ಹೆಸರಿತ್ತು, ಆದರೆ ಹೆಂಡತಿ ಕೂಡ ಅವನನ್ನು ಪಾಕ್ ಎರ್ತೆ ಎಂದೇ ಕರೆಯುತ್ತಿದ್ದಳು. ಅವಳು ಬು ಎರ್ತೆ, ಬು ಅಂದರೆ ಅಮ್ಮ. ಬಂದರಿನ ರಸ್ತೆಯಲ್ಲಿ ಅವನು ಕಟ್ಟಿಸಿದ ಬ್ಯಾನರಿನ ಮೇಲೆ ‘ತರ್ಮಿನಿ ನಮ್ಮ ಮಗಳು, ಅಮಾಯಕಳನ್ನು ಕೊಲ್ಲಬೇಡಿ’ ಎಂದಿತ್ತು. ಈಗ ಗುಂಡಿನ ಸುದ್ದಿ ಬಂದಾಗ ಇನ್ನೊಂದು ಬ್ಯಾನರು ಬೇಕಾಯಿತು. ಹೊಸ ಬಟ್ಟೆ ಯಾಕೆ ದಂಡ ಎಂದು ಅವನು ಹಳೆಯದರ ಹಿಂಬದಿಗೇ ಬರೆಸಿದ: ‘ವಿಷ ತಂದ ವಿದೇಶಿಯರಿಗೆ ಗುಂಡಿಕ್ಕಿ’. ಕಡಲ ಗಾಳಿಗೆ ಒಂದು ಕ್ಷಣ ಈ ಕಡೆ, ಒಂದು ಕ್ಷಣ ಆ ಕಡೆ. ಎರಡೂ ಒಂದೇ ಕೈಬರಹ. ಕೇರಿಯವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ರಸಿವೆನ್‌ಗೆ ಕಂಡಿತು. ಆದರೆ ಅವಳು ಬಾಯಿ ಹೊಲಿದುಕೊಂಡಿದ್ದಳು. ಕಾರಣ ಇತ್ತು. ಮಲೇಶಿಯಾದಲ್ಲಿ ತರ್ಮಿನಿಯ ಪಾಲಿಗೆ ಕೋರ್ಟಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಅಲ್ಲಿನ ಅರಸರು ಕ್ಷಮೆ ಕೊಡಬೇಕು, ಇಲ್ಲವಾದರೆ ಇಲ್ಲ. ಅಷ್ಟರೊಳಗೆ ಅವಳನ್ನು ನೋಡಿಬರಲು ಜಿಲ್ಲಾ ಕಚೇರಿಯಿಂದ ಮೂವರ ತಂಡ ಹೊರಟಿತ್ತು. ಮೂರನೆಯ ಸೀಟು ತಾಯಿಯದು. ಅದನ್ನು ಕೊಡಿಸಿದವನು ಪಾಕ್ ಎರ್ತೆಯ ಬಾಮೈದ, ಆ ಕಚೇರಿಯಲ್ಲೇ ಇದ್ದವನು. ಮಗಳನ್ನು ಮುಟ್ಟಲು ಬಿಡುವುದಿಲ್ಲ, ಗಾಜಿನಾಚೆ ಕೂರಿಸುತ್ತಾರೆ ಎಂದಿದ್ದರು. ಗಾಜಾದರೆ ಗಾಜು. ಎಷ್ಟೋ ವರ್ಷದಿಂದ ರಸಿವೆನ್ ಮಗಳನ್ನು ಕಂಡಿರಲಿಲ್ಲ. ಹೋಗುವ ದಿನ ಉಡಲೆಂದು ಬಾಟಿಕ್ ಚಿತ್ತಾರದ ತನ್ನ ಒಂದೇ ಒಳ್ಳೆಯ ಬಟ್ಟೆಯನ್ನು ಆಗಲೇ ಎರಡು ಸಲ ಒಗೆದು ಒಣಗಿಸಿದ್ದಳು.

ಮನೆಯಲ್ಲಿ ಇನ್ನೊಬ್ಬ ತಾಯಿ ಇದ್ದಳು. ನೈಜೀರಿಯಾದ ಒಬಿಯಾಗೆಲಿ. ಅವಳ ಮಗ ಕೆಲೆಚಿ ಎದುರಿನ ದ್ವೀಪದಲ್ಲಿ ಗುಂಡಿಗೆ ಕಾದಿದ್ದ. ಊರಿನ ಲಾಡ್ಜುಗಳು ಖಾಲಿ ಇದ್ದರೂ ಅವಳನ್ನು ಕಂಡಕೂಡಲೇ ಭರ್ತಿಯಾದವು. ಸುಂಕದ ಕಟ್ಟೆಯ ಹತ್ತಿರ ಸೂಟ್‌ಕೇಸಿನ ಮೇಲೆ ಕೂತಿದ್ದವಳನ್ನು ರಸಿವೆನ್ ಮನೆಗೆ ಕರೆತಂದಳು. ಅದರಲ್ಲಿ ದೊಡ್ಡತನ ಏನಿರಲಿಲ್ಲ. ನಾಳೆ ತಾನು ಮಗಳ ಜೈಲಿನ ಬಾಗಿಲಲ್ಲಿ ನಿಂತಾಗ ಯಾರಾದರೂ ಚಾಪೆ ಹಾಸಿಕೊಡಲಿ ಎಂದು ದೇವರ ಜೊತೆ ಮಾಡಿಕೊಂಡ ಚೌಕಾಸಿ ಅದು. ಒಬಿಯಾಗೆಲಿ ಭಾರಿ ಆಳು. ಬಿದಿರಿನ ಮಂಚ ಮೊದಲ ದಿನವೇ ಮುರಿಯಿತು. ಇಬ್ಬರೂ ನೆಲದ ಮೇಲೆ ಬಿದ್ದು ನಕ್ಕರು. ಅವಳು ವರ್ಷ ವರ್ಷ ಮಗನನ್ನು ನೋಡಲು ಬಂದು ಇಲ್ಲಿನ ಮಾತನ್ನು ಹರಕು ಮುರುಕಾಗಿ ಕಲಿತಿದ್ದಳು.

ಸುದ್ದಿ ಬಂದ ಮೂರನೆಯ ದಿನ ಪಾಕ್ ಎರ್ತೆ ಹಿತ್ತಲ ಬಾಗಿಲಿಗೆ ಬಂದ. ರಸಿವೆನ್ ಕಟ್ಟಿಗೆ ಒಡೆಯುತ್ತಿದ್ದಳು.

“ಅಕ್ಕಾ, ಗುರುವಾರ ಸಂಜೆ ನಮ್ಮನೇಲಿ ದೊಡ್ಡ ಊಟ. ಗೋಪುರ ಎದೆಮಟ್ಟ ಇರಬೇಕು. ಟೀವಿಯವರು ಬರ್ತಾರೆ.”

“ಯಾತಕ್ಕೆ ಊಟ?”

“ಸರ್ಕಾರ ಗಟ್ಟಿ ಮನಸ್ಸು ಮಾಡ್ತಲ್ಲ, ಅದಕ್ಕೆ. ದೇವರಿಗೊಂದು ವಂದನೆ.”

“ಗುಂಡು ಹೊಡೆಯೋದಕ್ಕೆ ಅರಿಶಿನದನ್ನವಾ?”

“ಒಳ್ಳೆ ಕೆಲಸ ಯಾವುದಾದರೇನು ಅಕ್ಕ.”

“ನಾನು ಮಾಡಲ್ಲ.”

ಪಾಕ್ ಎರ್ತೆಗೆ ಸಿಟ್ಟು ಬರಲಿಲ್ಲ. ಅವನು ಕಟ್ಟಿಗೆಯ ರಾಶಿಯ ಮೇಲೆ ಕೂತು, ಚಪ್ಪಲಿಗೆ ಮೆತ್ತಿದ್ದ ಮಣ್ಣು ಕೆರೆಯುತ್ತ, ತುಂಬ ಬೇಸರದಿಂದ ಎಂಬಂತೆ ಹೇಳಿದ. ಬಾಮೈದ ನಿನ್ನೆ ಫೋನು ಮಾಡಿದ್ದನಂತೆ. ಮಲೇಶಿಯಾಕ್ಕೆ ಕರೆದೊಯ್ಯುವ ತಾಯಿ ಕೇರಿಯ ಜೊತೆ ಹೊಂದಿಕೊಂಡು ಹೋಗುವವಳು ತಾನೆ ಎಂದು ಕೇಳಿದನಂತೆ. ಕಪ್ಪು ಹೆಂಗಸನ್ನು ಮನೆಯಲ್ಲಿ ಇಟ್ಟುಕೊಂಡಿರುವ ವಿಚಾರವೂ ಅವನ ಕಿವಿಗೆ ಬಿದ್ದಿದೆಯಂತೆ.

“ಅವನಿಗೆ ನಾನು ಏನು ಹೇಳಲಿ ಅಕ್ಕ? ನೀನೇ ಹೇಳು.”

ರಸಿವೆನ್ ಕೊಡಲಿ ಎತ್ತಿ ಒಂದು ದಿಮ್ಮಿ ಸೀಳಿದಳು. ಇನ್ನೊಂದು ಸೀಳಿದಳು. ಆಮೇಲೆ ಕೇಳಿದಳು.

“ಕೋಳಿ ಎಷ್ಟು?”

ಗುರುವಾರ ಬೆಳಕು ಹರಿಯುವ ಮುನ್ನ ಅವಳು ಪಾಕ್ ಎರ್ತೆಯ ಅಡುಗೆಮನೆಯಲ್ಲಿದ್ದಳು. ಕೇರಿಯ ಹೆಂಗಸರು ಕೈಜೋಡಿಸಲು ಬಂದರು. ಊಟದ ಮನೆಗೆ ನೆರೆಯ ಹೆಂಗಸರು ಬಿಟ್ಟಿ ದುಡಿಯಲು ಹೋಗಲೇಬೇಕು, ಹೋಗದವಳ ಮನೆಯ ಹೆಣಕ್ಕೂ ಯಾರೂ ಬರುವುದಿಲ್ಲ. ಪಕ್ಕದ ಮನೆಯ ವರ್ತಿ ಈರುಳ್ಳಿಯ ಮುಂದೆ ಕೂತಳು. ಎಲ್ಲರಿಗೂ ಊಟ ಯಾತಕ್ಕೆಂದು ಗೊತ್ತಿತ್ತು. ಯಾರೂ ಅದರ ಮಾತೆತ್ತಲಿಲ್ಲ. ಕೋಳಿಯ ಬೆಲೆ, ಸೊಸೆಯಂದಿರ ಸೋಮಾರಿತನ, ಬು ಎರ್ತೆಯ ಹೊಸ ಹಲ್ಲು, ಇವನ್ನೇ ಮಾತಾಡಿದರು. ರಸಿವೆನ್ ಅಕ್ಕಿ ತೊಳೆದಳು. ತನ್ನ ಮೇಲೆ ತನಗೇ ಹೇಸಿಗೆ ಬಂದಿತ್ತು. ಅಕ್ಕಿಯ ನೀರು ಬೆಳ್ಳಗೆ ಮೋರಿಗೆ ಹರಿಯುತ್ತಲೇ ಇತ್ತು.

ಮಧ್ಯಾಹ್ನ ಹಿತ್ತಲ ಬಾಗಿಲು ಕತ್ತಲಾಯಿತು. ಒಬಿಯಾಗೆಲಿ ಬಂದು ನಿಂತಿದ್ದಳು. ಬೆಳಿಗ್ಗೆಯಿಂದ ಬಂದರಿನಲ್ಲಿ ಕಾದಿದ್ದಳು, ದ್ವೀಪಕ್ಕೆ ಬಿಡಲಿಲ್ಲ, ನಾಳೆ ಬಾ ಅಂದರು. ಮನೆಗೆ ಹೋದರೆ ಬೀಗ. ರಸಿವೆನ್ ಇಲ್ಲಿದ್ದಾಳೆಂದು ಮಾಂಸದುಂಡೆಯವನು ದಾರಿ ತೋರಿಸಿದ್ದ. ಅವನಿಗೆ ಊಟದ ಕಾರಣ ಚೆನ್ನಾಗಿಯೇ ಗೊತ್ತಿತ್ತು. ಹಾಗಿದ್ದೂ ತೋರಿಸಿದ.

“ತಂಗಿ ಸುಸ್ತು. ನಾನು ಮಾಡ್ತೀನಿ,” ಎಂದು ಅವಳು ಯಾರನ್ನೂ ಕೇಳದೆ ಕಾಲು ಚಾಚಿ ಕೂತು ತುರಿಮಣೆ ಎಳೆದುಕೊಂಡಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಗನ ಸಾವಿನ ಸಂತೋಷದೂಟಕ್ಕೆ ತಾಯಿ ಕಾಯಿ ತುರಿಯುತ್ತಿದ್ದಳು. ತುರಿಯುವ ರಭಸಕ್ಕೆ ಅವಳ ತೋಳು ಕುಲುಕುತ್ತಿತ್ತು. ಕೇರಿಯ ಹೆಂಗಸರು ಮೂವರು ಸೇರಿ ಮಾಡುವ ಕೆಲಸ ಅವಳೊಬ್ಬಳೇ ಮುಗಿಸಿದಳು. ಮುಗಿಸಿ, ಕೋಳಿ ಪುಕ್ಕ ಕೀಳಲು ಎಳೆದುಕೊಂಡಳು.

“ಹಬ್ಬ ಯಾತಕ್ಕೆ?” ಎಂದು ಅವಳು ಕೇಳಿದಳು.

ವರ್ತಿಗೆ ಏನಾದರೂ ಹೇಳದಿದ್ದರೆ ಆಗದು. “ಮೀನು ಚೆನ್ನಾಗಿ ಸಿಗಲಿ ಅಂತ,” ಅಂದಳು. ಅಂದು, ಈರುಳ್ಳಿಯನ್ನು ಬೈದುಕೊಂಡು ಕಣ್ಣು ಒರೆಸಿದಳು.

ಒಬಿಯಾಗೆಲಿ ತಲೆಯಾಡಿಸಿದಳು. ಮೀನು ಒಳ್ಳೆಯದು. ನಾನು ಏಸುವಿನವಳು, ನನ್ನ ಮಾತು ನಡೆಯುತ್ತೋ ಇಲ್ಲವೋ, ಪ್ರಾರ್ಥನೆ ಹೇಳುವವರು ನನ್ನ ಕೆಲೆಚಿಯ ಹೆಸರನ್ನೂ ಮೀನಿನ ಜೊತೆ ಸೇರಿಸಿಕೊಂಡಾರಾ ಎಂದು ಕೇಳಿದಳು. ತುಂಬ ಕೊನೆಗೆ ಸೇರಿಸಿದರೂ ಸಾಕು ಎಂದಳು. ರಸಿವೆನ್ ಒಲೆಯೊಳಗೆ ಮುಖ ಹಾಕಿ ಊದಿದಳು. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು, ಊದುವ ಅಗತ್ಯ ಇರಲಿಲ್ಲ.

ಸಂಜೆ ಗೋಪುರ ಚಾಪೆಗೆ ಹೋಯಿತು. ನಾಲ್ವರು ಹೊತ್ತರು. ಗಂಡಸರು ಮಸೀದಿಯಿಂದ ನೇರವಾಗಿ ಬಂದು ಸುತ್ತ ಕೂತರು. ಕೋಳಿಯ ವಾಸನೆಗೆ ಭಕ್ತಿ ಹೆಚ್ಚಿತು. ಪ್ರಾರ್ಥನೆ ಹೇಳುವವನು ಮದ್‌ರೈಸ್ ಮುದುಕ, ಕೇರಿಯ ಕಾಯಿಮ್, ಎಂದರೆ ಇಂಥ ಕಾರ್ಯ ನಡೆಸಿಕೊಡುವವನು. ಗುರುವಾರ ಸಂಜೆ ಅವನಿಗೆ ಕೈತುಂಬ ಕೆಲಸ. ಇದಾದ ಮೇಲೆ ಸುನ್ನತಿಯದೊಂದು ಊಟ, ಅದಾದ ಮೇಲೆ ಹೊಸ ಮೋಟಾರ್ ಬೈಕಿನದೊಂದು. ಪ್ರಾರ್ಥನೆಗೆ ಮೊದಲು ಊಟ ಯಾತಕ್ಕೆಂದು ಗಟ್ಟಿಯಾಗಿ ಹೇಳಬೇಕು, ಅದು ಸಂಕಲ್ಪ. ಒಂದೊಂದು ಮಾತಿಗೂ ಕೂತವರೆಲ್ಲ ಹೂಂ ಅನ್ನಬೇಕು. ಹೂಂಗುಟ್ಟಿದ್ದು ದೇವರ ಲೆಕ್ಕಕ್ಕೆ ಸೇರುತ್ತದೆ. ಮದ್‌ರೈಸ್ ಹೇಳಿಕೊಟ್ಟದ್ದನ್ನು ಹೇಳುವವನು. ಕೇರಿಯ ಗಂಡಸರು ಹೇಳಿದ್ದಕ್ಕೆ ಹೂಂ ಅನ್ನುವವರು. ಕಿವಿಗೆ ಇದರಲ್ಲಿ ಯಾವ ಕೆಲಸವೂ ಇಲ್ಲ, ಬಹಳ ವರ್ಷಗಳಿಂದ ಇರಲಿಲ್ಲ.

ಸಂಕಲ್ಪವನ್ನು ಪಾಕ್ ಎರ್ತೆಯೇ ಹೇಳುವುದೆಂದಿತ್ತು. ಅದಕ್ಕೆಂದು ಎರಡು ದಿನ ಕನ್ನಡಿಯ ಮುಂದೆ ನಿಂತಿದ್ದನಂತೆ. ಆದರೆ ಟೀವಿಯ ಹುಡುಗಿ ಅವನನ್ನು ಗೇಟಿನ ಹತ್ತಿರ ನಿಲ್ಲಿಸಿ ಮುಖಕ್ಕೆ ದೀಪ ಬಿಟ್ಟಿದ್ದಳು. ಅವನು ದೇಶದ ಯುವಜನತೆಯ ಬಗ್ಗೆ ಮಾತಾಡಲು ಶುರುಮಾಡಿದ. ಯುವಜನತೆ ಮುಗಿಯಲಿಲ್ಲ. ಅನ್ನದ ಮೇಲೆ ಹಬೆ ಕಡಿಮೆಯಾಯಿತು. ದರ್ಜಿ ಎರಡು ಸಲ ಕೆಮ್ಮಿದ. ಮದ್‌ರೈಸ್‌ಗೆ ಸುನ್ನತಿಯ ಮನೆ ನೆನಪಾಗಿ ಕಾಲು ನಿಲ್ಲಲಿಲ್ಲ. ಮನೆಯ ಯಜಮಾನ ಇಲ್ಲದಿದ್ದಾಗ ಮಾಡುವಂತೆ ಪರದೆಯ ಕಡೆ ಬಾಗಿ ಕೇಳಿದ.

“ಅಮ್ಮಾ, ಒಳಗೆ ಯಾರಿದ್ದೀರಿ? ಇವತ್ತಿನದು ಯಾತಕ್ಕೆ? ಹೇಳಿಕೊಡಿ, ತಣ್ಣಗಾಗ್ತಿದೆ.”

ಪರದೆಯ ಈಚೆ ರಸಿವೆನ್ ಸೌಟು ಹಿಡಿದು ನಿಂತಿದ್ದಳು. ಬು ಎರ್ತೆ ಗೇಟಿನ ಹತ್ತಿರ ದೀಪದ ಬೆಳಕಿಗೆ ಮುಖ ಒಡ್ಡಲು ಹೋಗಿದ್ದಳು. ಹೇಳಬೇಕಾದವಳು ರಸಿವೆನ್. ಹೇಳಬೇಕಾದ್ದು ಗೊತ್ತೇ ಇತ್ತು. ವಿಷ ತಂದ ವಿದೇಶಿಯರು ಸಾಯುತ್ತಿರುವುದಕ್ಕೆ ದೇವರಿಗೆ ವಂದನೆ. ಬರೀ ಅಷ್ಟು. ಅಷ್ಟು ಹೇಳಿದರೆ ವಿಮಾನ, ಗಾಜು, ಗಾಜಿನಾಚೆ ಮಗಳು. ಪಕ್ಕದಲ್ಲಿ ಒಬಿಯಾಗೆಲಿ ಕೈಯ ಕಾಯಿಹಾಲು ಒರೆಸಿಕೊಂಡು, ಈಗ ಹೆಸರು ಹೇಳುತ್ತಾರೇನೋ ಎಂದು ಅವಳ ಮುಖವನ್ನೇ ನೋಡುತ್ತಿದ್ದಳು. ರಸಿವೆನ್‌ಳ ನಾಲಿಗೆ ಏಳಲಿಲ್ಲ. ಎದ್ದಾಗ ಬೇರೆಯೇ ಮಾತಿಗೆ ಎದ್ದಿತು.

ಅವಳು ಮೆಲ್ಲಗೆ ಹೇಳಿದಳು. ಮದ್‌ರೈಸ್ ಕಣ್ಣು ಮುಚ್ಚಿ, ತನ್ನ ಮಸೀದಿಯ ಗಂಟಲಲ್ಲಿ, ಒಂದೊಂದೇ ತುಂಡಾಗಿ ಎತ್ತಿ ಹೇಳಿದ.

“ಈ ಅನ್ನ, ಈ ಕೋಳಿ, ಹೆತ್ತವರಿಂದ ದೂರ, ಪರದೇಶದ ಜೈಲಿನಲ್ಲಿರುವ ಮಕ್ಕಳಿಗಾಗಿ.”

“ಹೂಂ,” ಎಂದಿತು ಚಾಪೆ.

“ಅವರು ಹೊತ್ತದ್ದು ವಿಷವೇ. ಹೊತ್ತದ್ದು ತಪ್ಪೇ.”

“ಹೂಂ.”

“ಆದರೂ ಅವರಿಗೆ ನೇಣು ಬಾರದಿರಲಿ, ಗುಂಡು ತಾಗದಿರಲಿ.”

“ಹೂಂ, ಹೂಂ,” ಎಂದ ದರ್ಜಿ. ಅವನ ಕಣ್ಣು ಕೋಳಿಯ ತೊಡೆಯ ಮೇಲಿತ್ತು.

“ಕಡಲಾಚೆ ಇರುವ ನಮ್ಮ ತರ್ಮಿನಿಗೂ, ಎದುರಿನ ದ್ವೀಪದಲ್ಲಿರುವ ಕೆಲೆಚಿಗೂ ಆಯುಷ್ಯ ಸಿಗಲಿ. ಇಬ್ಬರ ಹೆಸರೂ ಒಂದೇ ಉಸಿರಿನಲ್ಲಿ.”

ಅಷ್ಟು ಹೊತ್ತಿಗೆ ಪಾಕ್ ಎರ್ತೆ ಒಳಗೆ ಬಂದಿದ್ದ, ಹಿಂದೆ ಕ್ಯಾಮೆರಾ. ಸಂಕಲ್ಪ ತನ್ನನ್ನು ಬಿಟ್ಟು ಮುಗಿಯುತ್ತಿದೆ ಎಂದು ಗಾಬರಿಯಾಗಿ, ಕೂರುವ ಮೊದಲೇ ಎಲ್ಲರಿಗಿಂತ ಗಟ್ಟಿಯಾಗಿ “ಹೂಂ” ಎಂದ. ದೀಪ ಅವನ ಮುಖದ ಮೇಲೇ ಇತ್ತು. ಮದ್‌ರೈಸ್ ಪ್ರಾರ್ಥನೆ ಹಿಡಿದ, ಓಡಿಸಿ ಮುಗಿಸಿದ. ಆಮೀನ್ ಆಯಿತು.

ಟೀವಿಯ ಹುಡುಗಿ ಮೈಕು ಮುಂದೆ ಚಾಚಿದಳು. ತುಂಬ ಮೃದುವಾಗಿ ಕೇಳಿದಳು. ಗುಂಡಿಗೆ ಗುರಿಯಾದ ಒಬ್ಬ ವಿದೇಶಿಯ ಪ್ರಾಣಕ್ಕಾಗಿ ನಿಮ್ಮ ಇಡೀ ಕೇರಿ ಪ್ರಾರ್ಥಿಸಿತಲ್ಲ, ಈ ಕರುಣೆ ನಿಮಗೆ ಎಲ್ಲಿಂದ ಬಂತು ಎಂದು.

ಪಾಕ್ ಎರ್ತೆ ಮದ್‌ರೈಸ್‌ನನ್ನು ನೋಡಿದ. ಮದ್‌ರೈಸ್ ಪರದೆಯನ್ನು ನೋಡಿದ. ತಾನು ಏನು ಹೇಳಿದೆ ಎಂದು ಅವನಿಗೂ ಆಗಲೇ ಅರ್ಥವಾದದ್ದು. ಚಾಪೆಯ ಮೇಲೆ ಗುಸುಗುಸು ಎದ್ದಿತು. ನೀನು ಅಂದೆ, ನಾನಲ್ಲ, ನೀನೇ ಎರಡು ಸಲ ಅಂದೆ ಎಂದು ದರ್ಜಿಯನ್ನು ಪಕ್ಕದವನು ತಿವಿದ. ಪಾಕ್ ಎರ್ತೆ ಕ್ಯಾಮೆರಾಕ್ಕೆ ಬೆನ್ನು ಹಾಕಿ, ಹಲ್ಲು ಕಚ್ಚಿ, ಇದು ಲೆಕ್ಕಕ್ಕಿಲ್ಲ, ಮೊದಲಿನಿಂದ ಇನ್ನೊಂದು ಸಲ ಹೇಳು ಎಂದು ಮದ್‌ರೈಸ್‌ಗೆ ಅಪ್ಪಣೆ ಮಾಡಿದ.

ಮುದುಕ ತಲೆ ಅಲ್ಲಾಡಿಸಿದ. ಹೊಟ್ಟೆಪಾಡಿನ ವಿಷಯದಲ್ಲಿ ಅವನು ಕಟ್ಟುನಿಟ್ಟು.

“ದೇವರ ಮುಂದೆ ಹೂಂ ಅಂದಾಯ್ತು. ಈಗ ಊಹೂಂ ಅನ್ನಬೇಕು ಅಂದ್ರೆ ಬೇರೆ ಊಟನೇ ಬೇಕು. ಬೇರೆ ಅನ್ನ, ಬೇರೆ ಕೋಳಿ. ಈ ಗೋಪುರ ಕೆಲೆಚಿದು. ಅದೇನು ಹೆಸರೋ, ಅವನದು.”

ಎಲ್ಲರೂ ಪರದೆಯತ್ತ ನೋಡಿದರು. ಒಳಗಿನಿಂದ ವರ್ತಿಯ ದನಿ ಬಂತು. ಕಟ್ಟಿಗೆ ಮುಗಿದಿದೆ ಎಂದಳು. ಹಿತ್ತಲಲ್ಲಿ ಆಳೆತ್ತರ ಕಟ್ಟಿಗೆ ಇತ್ತು.

ಪಾಕ್ ಎರ್ತೆ ಪರದೆ ಎಳೆದ. ರಸಿವೆನ್ ಅಲ್ಲೇ ನಿಂತಿದ್ದಳು. ಅವಳಿಗೆ ಹಿಂದೆ ಸರಿಯಲು ಜಾಗ ಇರಲಿಲ್ಲ, ಹಿಂದೆ ಒಬಿಯಾಗೆಲಿ ಇದ್ದಳು. ಹೆಜ್ಜೆ ಮುಂದಕ್ಕೇ ಬಿತ್ತು. ಕರಿ ಹತ್ತಿದ ಬರಿಗಾಲಲ್ಲಿ ಅವಳು ಗಂಡಸರ ಚಾಪೆಯ ಮೇಲೆ ಬಂದು ನಿಂತಳು. ಹಾಗೆ ಯಾವ ಹೆಂಗಸೂ ನಿಂತದ್ದನ್ನು ಆ ಕೇರಿ ಕಂಡಿರಲಿಲ್ಲ.

“ನಿನ್ನ ಮಗಳಿಗೆ ನಾವು ಅಷ್ಟು ಮಾಡಿದ್ವಲ್ಲೇ. ಅವಳು ಅಮಾಯಕಳು. ಇವನು ಗೊತ್ತಿದ್ದೂ ವಿಷ ತಂದವನು. ಎರಡೂ ಒಂದೇನಾ?” ಎಂದು ಪಾಕ್ ಎರ್ತೆ ಕೂಗಿದ.

“ನನ್ನ ಮಗಳಿಗೂ ಗೊತ್ತಿತ್ತು.”

ಪಾಕ್ ಎರ್ತೆ ಒಂದು ಹೆಜ್ಜೆ ಹತ್ತಿರ ಬಂದ.

“ಏನು ಗೊತ್ತಿತ್ತು?”

“ಚೀಲದಲ್ಲಿ ಏನಿದೆ ಅಂತ. ಯಾರೂ ಮೋಸ ಮಾಡಿಲ್ಲ ಅವಳಿಗೆ. ಗೊತ್ತಿದ್ದೇ ಹೊತ್ತಳು. ನನಗೆ ಫೋನಲ್ಲಿ ಹೇಳಿದಾಳೆ, ಅರಸರಿಗೂ ಬರೆದು ಒಪ್ಪಿಕೊಂಡಿದಾಳೆ. ಒಪ್ಪದಿದ್ರೆ ಕ್ಷಮೆ ಕೇಳೋದೆಂಗೆ? ಅಮಾಯಕಳು ಅಂತ ಬರೆಸಿದ್ದು ನೀವು. ನಾನು ಸುಮ್ಮನಿದ್ದೆ. ನೀವು ಅಳೋದು ನಿಲ್ಲಿಸಿಬಿಡ್ತೀರಿ ಅಂತ ಹೆದರಿ ಸುಮ್ಮನಿದ್ದೆ.”

ಪಾಕ್ ಎರ್ತೆಯ ತುಟಿ ಅಲ್ಲಾಡಿತು. ಅವಳು ಬಿಡಲಿಲ್ಲ.

“ಕೆಲಸದ ಮನೆಯವರು ಸಂಬಳ ಕೊಡದೆ ಓಡಿಸಿದ್ರು. ಊರಿಗೆ ಬರ್ತೀನಿ ಅಂದ್ಳು. ಬರ್ತಾಳೆ ಅಂತ ಗೊತ್ತಾದ ತಕ್ಷಣ ಒಬ್ಬೊಬ್ಬರೂ ಬಂದು ನನ್ನ ಹತ್ರ ಹೇಳಿಕಳಿಸಿದ್ರಿ. ನಿಮಗೆ ಕೈಗಡಿಯಾರ. ಬು ಎರ್ತೆಗೆ ಅನ್ನ ಮಾಡೋ ಕುಕ್ಕರು. ದರ್ಜಿಯಣ್ಣಂಗೆ ಕತ್ತರಿ, ಜಪಾನಿಂದೇ ಆಗಬೇಕು. ನಾನೂ ಕೇಳ್ದೆ, ಒಂದು ಚಿನ್ನದ ಓಲೆ. ಬರಿಗೈಲಿ ಹೆಂಗೆ ಬರಲವ್ವ ಅಂದ್ಳು. ಒಂದು ಸಲ, ಒಂದೇ ಸಲ ಅಂದ್ಕೊಂಡು, ಅವರು ಕೊಟ್ಟ ಮುಂಗಡದಲ್ಲಿ ಎಲ್ಲ ಕೊಂಡು ಆ ಚೀಲ ಹಿಡಿದಳು. ಈಗ ಹೇಳಿ. ಗೊತ್ತಿದ್ದೇ ಹೊತ್ತವಳು. ಅವಳಿಗೆ ಗುಂಡಾ, ಅನ್ನವಾ?”

ಬು ಎರ್ತೆ ಬಾಗಿಲಲ್ಲಿ ನಿಂತಿದ್ದವಳು ಕೈಯಿಂದ ಹೊಸ ಹಲ್ಲು ಮುಚ್ಚಿಕೊಂಡಳು. ಗಂಡಸರು ಗೋಪುರ ನೋಡಿದರು, ತಮ್ಮ ಮೊಣಕಾಲು ನೋಡಿದರು. ಒಬ್ಬನೂ ಹೂಂ ಅನ್ನಲಿಲ್ಲ. ಒಬ್ಬನೂ ಊಹೂಂ ಅನ್ನಲೂ ಇಲ್ಲ. ಆಮೇಲೆ ದರ್ಜಿ ಮೆಲ್ಲಗೆ ಕೈ ಚಾಚಿ ಬಾಳೆಯೆಲೆ ಎಳೆದುಕೊಂಡ. ಅದನ್ನೇ ಕಾದಿದ್ದವರಂತೆ ಎಲ್ಲರೂ ಎಳೆದುಕೊಂಡರು. ಅರಿಶಿನದ ಗೋಪುರ ಸುತ್ತಲಿಂದ ಕರಗಿತು. ಯಾರೂ ಕತ್ತೆತ್ತದೆ ಅನ್ನ ಕಟ್ಟಿಕೊಂಡು, ಕೋಳಿ ಕಟ್ಟಿಕೊಂಡು, ರಸಿವೆನ್‌ಳ ಪಕ್ಕದಿಂದ ಬಾಗಿಕೊಂಡು ಹೊರಟುಹೋದರು. ಮದ್‌ರೈಸ್ ಎರಡು ಪಾಲು ಒಯ್ದ. ವಿಷ ತಂದವನೊಬ್ಬನ ಆಯುಷ್ಯಕ್ಕಾಗಿ ಮಾಡಿದ ಊಟ ಎಂದು ಒಂದು ಅಗುಳನ್ನೂ ಯಾರೂ ಬಿಟ್ಟುಹೋಗಲಿಲ್ಲ.

“ನಿನ್ನ ಸೀಟು ಹೋಯ್ತು,” ಎಂದ ಪಾಕ್ ಎರ್ತೆ.

“ಗೊತ್ತು,” ಎಂದಳು ರಸಿವೆನ್. ಪಾತ್ರೆಗಳನ್ನು ಅಲ್ಲೇ ಬಿಟ್ಟಳು. ತಿಕ್ಕಲಿಲ್ಲ.

ಮುಂದಿನ ವಾರ ಆದದ್ದು ಇಷ್ಟು. ಗುಂಡಿಕ್ಕುವುದನ್ನು ಸರ್ಕಾರ ಮುಂದಕ್ಕೆ ಹಾಕಿತು. ಕಾರಣ ಹೇಳಲಿಲ್ಲ, ಎಲ್ಲಿಯತನಕ ಎಂದೂ ಹೇಳಲಿಲ್ಲ. ಟೀವಿಯವರು ದೀಪ ಸುತ್ತಿಕೊಂಡು ಹೋದರು. ಮಾಂಸದುಂಡೆಯವನಿಗೆ ನಷ್ಟವಾಯಿತು. ಕಾಫಿ ಅಂಗಡಿಯಲ್ಲಿ ಎರಡು ದಿನ, ಎಲ್ಲ ಆ ಊಟದಿಂದಲೇ ಆದದ್ದು, ಹೂಂ ಅಂದವರು ಯಾರು ಯಾರು ಎಂದು ಜಗಳ ನಡೆಯಿತು. ಅಷ್ಟರಲ್ಲಿ ಜಕಾರ್ತಾದ ಟೀವಿ ‘ಕರುಣೆಯ ಕೇರಿ’ ಎಂದು ತೋರಿಸಿತು. ಪಾಕ್ ಎರ್ತೆ ದೀಪದ ಬೆಳಕಿನಲ್ಲಿ ಹೂಂ ಅನ್ನುವುದನ್ನು ನಾಲ್ಕು ಸಲ ತೋರಿಸಿತು. ಮಾರನೆಯ ದಿನದಿಂದ ಅವನು, ಮೊದಲಿನಿಂದಲೂ ನನ್ನ ನಿಲುವು ಅದೇ ಎಂದು ಹೇಳತೊಡಗಿದ. ಬ್ಯಾನರಿನ ಹಿಂಬದಿಗೆ ಸುಣ್ಣ ಬಳಿಸಿದ. ಮುಂಬದಿಯಲ್ಲಿ ‘ಅಮಾಯಕಳು’ ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ ಅಲ್ಲಿಗೂ ಸುಣ್ಣವೇ ಬಿತ್ತು.

ಮಲೇಶಿಯಾದ ಸೀಟನ್ನು ಮಾತ್ರ ಅವನು ಕೊಡಲಿಲ್ಲ. ಅವಮಾನ ಮ‌ರೆಯುವಂಥದ್ದಲ್ಲವಲ್ಲ. ತಾಯಿಯ ಸ್ಥಾನದಲ್ಲಿ ಬು ಎರ್ತೆ ವಿಮಾನ ಹತ್ತಿದಳು. ಬರುವಾಗ ಕುಕ್ಕರು ತಂದಳು.

ಅದಾಗಿ ಕೆಲವು ದಿನಕ್ಕೆ ರಾಯಭಾರ ಕಚೇರಿಯವರು ಜೈಲಿನಿಂದ ಫೋನು ಮಾಡಿಸಿಕೊಟ್ಟರು. ರಸಿವೆನ್ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಕೇರಿಯಲ್ಲಿ ಅವಳನ್ನು ಅಡುಗೆಗೆ ಕರೆಯುವುದು ಮತ್ತೆ ನಿಂತಿತ್ತು. ಒಣಮೀನಿನ ಕಣದಿಂದ ಆಗಷ್ಟೇ ಬಂದಿದ್ದಳು, ಉಪ್ಪು ಕುಡಿದು ಕೈ ಬಿರಿದಿತ್ತು. ವರ್ತಿ ಮತ್ತು ಒಬಿಯಾಗೆಲಿ ಕೆಳಗಿನ ಮೆಟ್ಟಿಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಮೊದಲು ತಾಯಿ ಮಗಳು ಉಂಡೆಯಾ ಉಂಡೆ ಎಂದುಕೊಂಡರು. ಆಮೇಲೆ ತರ್ಮಿನಿಯೇ ಮಾತು ತೆಗೆದಳು.

“ಅವ್ವ, ನೀನು ಬರ್ತೀಯ ಅಂತ ತಲೆ ಬಾಚಿಕೊಂಡು ಹೋದ್ರೆ ಗಾಜಿನಾಚೆ ಬು ಎರ್ತೆ ಕೂತಿದ್ರು.”

“ಗೊತ್ತು ಮಗಳೇ.”

“ಅತ್ತರು. ಆಮೇಲೆ ಗಾಜಿನ ಪಕ್ಕದ ಫೋನಲ್ಲಿ ಕೇಳಿದ್ರು. ನಿನ್ನವ್ವ ಹುಚ್ಚುಹುಚ್ಚಾಗಿ ಏನೋ ಅಂದ್ಳು, ಸುಳ್ಳು ತಾನೆ, ನಿನಗೇನೂ ಗೊತ್ತಿರಲಿಲ್ಲ ತಾನೆ, ಹೇಳು ಅಂದ್ರು. ಗೊತ್ತಿತ್ತು ಬು, ನಿಮ್ಮ ಕುಕ್ಕರು ಚೀಲದಲ್ಲಿ ಮೇಲಿತ್ತು, ಅದು ಕೆಳಗಿತ್ತು ಅಂದೆ.”

ರಸಿವೆನ್‌ಗೆ ನಗು ಬಂತು. ಬಂದ ನಗುವನ್ನು ಸೆರಗಿನಲ್ಲಿ ಒತ್ತಿಕೊಂಡಳು. ಆ ಕಡೆ ಮಗಳು ನಗುತ್ತಿದ್ದಳು. ಸಿಕ್ಕಿಬಿದ್ದ ದಿನದಿಂದ ಆ ನಗು ಕೇಳಿರಲಿಲ್ಲ. ಹತ್ತಿರ ಯಾರೋ ಕಾವಲಿನವಳು ಗದರಿದ್ದು ಕೇಳಿಸಿತು.

“ನಿನ್ನ ನೋಡೋಕೆ ಬರೋದು ಕಳ್ಕೊಂಡೆ,” ಎಂದಳು ರಸಿವೆನ್. “ಎಲ್ಲರ ಮುಂದೆ ನಿನ್ನ ಮಾನವನ್ನೂ ಕಳೆದೆ. ಕೋಪ ಬಂತಾ?”

ತರ್ಮಿನಿ ದನಿ ತಗ್ಗಿಸಿದಳು.

“ಇಲ್ಲವ್ವ. ಇಷ್ಟು ದಿನ ಅಳ್ತಿದ್ದೋರು ಯಾವಳೋ ಅಮಾಯಕಳಿಗೆ ಅಳ್ತಿದ್ರು. ಅವಳು ನಾನಲ್ಲ. ಇನ್ನು ಮೇಲೆ ಯಾರಾದರೂ ಅತ್ರೆ ನನಗೇ ಅಳ್ತಾರೆ. ಅಂಥೋರು ಯಾರಾದ್ರೂ ಉಳಿದಿದಾರಾ?”

ರಸಿವೆನ್ ಕೆಳಗೆ ನೋಡಿದಳು. ವರ್ತಿ ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಿದ್ದಳು. ಒಬಿಯಾಗೆಲಿ, ಮಾತು ಅರ್ಧ ತಿಳಿದು ಅರ್ಧ ತಿಳಿಯದೆ, ಮುಖವನ್ನೇ ನೋಡುತ್ತಿದ್ದಳು.

“ಇದಾರೆ. ಇಬ್ಬರು. ನಾನು ಸೇರಿದ್ರೆ ಮೂವರು.”

“ಸಾಕು,” ಎಂದಳು ತರ್ಮಿನಿ.